ಡಿಸ್ಚಾರ್ಜ್ ಚೀಟಿಯಲ್ಲಿ ‘ಸಿಎಲ್‌ಡಬ್ಲ್ಯೂ’ ಅಂತ ಇದೆ, ಹಾಗಂದ್ರೆ ಏನು?

ಶಿರಸಿ_ಹುಡುಗ:
ಮೊನ್ನೆ ಕಾರು ತಾಗಿ ಅಪ್ಪ ಸ್ಕೂಟರಿನಿಂದ ಬಿದ್ದರು. ಎಡಗಡೆ ಹುಬ್ಬು ಒಡೆದು ಹೊಲಿಗೆ ಹಾಕಿದ್ದಾರೆ. ಚೀಟಿಯಲ್ಲಿ ‘ಸಿಎಲ್‌ಡಬ್ಲ್ಯೂ 3×1 ಸೆಂ.ಮೀ.’ ಅಂತಿದೆ, ಕೆಳಗೆ ಇನ್ನೊಂದು ಕಡೆ ‘ಲ್ಯಾಸರೇಶನ್’. ನೆಟ್‌ನಲ್ಲಿ ಬರೋ ಫೋಟೋ ನೋಡಿ ಅಮ್ಮ ತುಂಬಾ ಹೆದರಿದ್ದಾರೆ. ಎರಡೂ ಒಂದೇನಾ? ಅಮ್ಮನಿಗೆ ತಿಳಿಯೋ ಹಾಗೆ ಕನ್ನಡದಲ್ಲಿ ಹೇಗೆ ಹೇಳಲಿ?

ಡ್ರೆಸ್ಸಿಂಗ್_ರೂಮ್:
ನಾನು ನರ್ಸ್. ಎರಡೂ ಹೆಚ್ಚುಕಮ್ಮಿ ಒಂದೇ. ಲ್ಯಾಸರೇಶನ್ ಅಂದ್ರೆ ಹರಿದ ಗಾಯ. ಸಿಎಲ್‌ಡಬ್ಲ್ಯೂ ಅಂದ್ರೆ ಕಂಟ್ಯೂಸ್ಡ್ ಲ್ಯಾಸರೇಟೆಡ್ ವೂಂಡ್, ಪೆಟ್ಟಿಗೆ ಜಜ್ಜಿ ಚರ್ಮ ಹರಿದ ಗಾಯ. ಅಮ್ಮನಿಗೆ ‘ಒಡೆದ ಗಾಯ’ ಅನ್ನಿ, ಸಾಕು. ಬ್ಲೇಡು ತಾಗಿದ್ರೆ ಅಂಚು ನೇರವಾಗಿ ಕೊಯ್ದ ಹಾಗಿರುತ್ತೆ. ಇದು ಹಾಗಲ್ಲ. ಹುಬ್ಬು, ನೆತ್ತಿ, ಗದ್ದ, ಇಲ್ಲೆಲ್ಲ ಚರ್ಮದ ಕೆಳಗೇ ಮೂಳೆ ಇರುತ್ತೆ. ರಸ್ತೆಗೆ ಬಡಿದಾಗ ನಡುವೆ ಸಿಕ್ಕಿದ ಚರ್ಮ ಸೀಳಿ ಹೋಗುತ್ತೆ, ಅಂಚು ಚಿಂದಿಯಾಗುತ್ತೆ, ಬಿಡಿಸಿ ನೋಡಿದರೆ ಒಳಗೆ ಸಣ್ಣ ಸಣ್ಣ ಎಳೆಗಳು ಎರಡೂ ಬದಿಗೆ ಅಂಟಿಕೊಂಡೇ ಇರುತ್ತವೆ. ಮಣ್ಣು, ಕಲ್ಲಿನ ಚೂರು ಅದರೊಳಗೇ ಕೂರುತ್ತೆ. ಅದಕ್ಕೇ ಹೊಲಿಯೋದಕ್ಕಿಂತ ತೊಳೆಯೋಕೆ ನಮಗೆ ಜಾಸ್ತಿ ಹೊತ್ತು ಬೇಕು. ಟಿಟಿ, ಅಂದ್ರೆ ಧನುರ್ವಾಯು ಬಾರದ ಹಾಗೆ ಕೊಡೋ ಇಂಜೆಕ್ಷನ್ ಹಾಕಿದ್ದಾರಾ, ಚೀಟಿಯಲ್ಲಿ ನೋಡಿ.

ತೋಟದವ:
ನಮ್ಮ ಕಡೆ ಕತ್ತಿ ತಾಗಿದ್ರೆ ‘ಕೊಯ್ತು’, ಮುಳ್ಳುತಂತಿಗೆ ಸಿಕ್ಕಿದ್ರೆ ‘ಹರೀತು’, ತಲೆ ಬಡಿದ್ರೆ ‘ಒಡೀತು’, ಬಿದ್ದು ಮೊಣಕಾಲು ಉಜ್ಜಿದ್ರೆ ‘ತರಚ್ತು’. ಯಾರೂ ಗಾಯದ ಹೆಸರು ಹೇಳಲ್ಲ, ಆದದ್ದನ್ನ ಹೇಳ್ತಾರೆ. ಡಾಕ್ಟರ ಹತ್ರವೂ ಹಾಗೇ ಹೇಳಿದ್ರೆ ಅವರಿಗೆ ಅರ್ಧ ಗೊತ್ತಾಗಿಬಿಡುತ್ತೆ. ಇನ್ನೊಂದು ಮಾತು, ರಕ್ತ ನಿಲ್ಲಲಿ ಅಂತ ಕಾಫಿಪುಡಿ ಒತ್ತೋದನ್ನ ದಯವಿಟ್ಟು ಬಿಡಿ. ನಮ್ಮ ಆಳಿಗೆ ಹಾಗೆ ಮಾಡಿ, ಆಮೇಲೆ ಆಸ್ಪತ್ರೆಯಲ್ಲಿ ಆ ಪುಡಿ ತೆಗೆಯುವಾಗ ಅವನು ಪಟ್ಟ ನೋವು ನೋಡೋಕಾಗಲಿಲ್ಲ. ನಲ್ಲಿ ನೀರು ಬಿಟ್ಟು ತೊಳೆದು, ಶುಭ್ರ ಬಟ್ಟೆ ಒತ್ತಿ ಹಿಡಿದು, ಕರೆದುಕೊಂಡು ಹೋಗಿ.

ಕೋರ್ಟ್_ಕಟ್ಟೆ:
ಕಾರು ತಾಗಿದ್ದು ಅಂದ್ರೆ ವೂಂಡ್ ಸರ್ಟಿಫಿಕೇಟ್ (ಡಾಕ್ಟರು ಬರೆದುಕೊಡೋ ಗಾಯದ ಪ್ರಮಾಣಪತ್ರ) ಬಗ್ಗೆ ಜಾಗ್ರತೆ. ಅದರಲ್ಲಿ ಗಾಯ ಸಾದಾನೋ ತೀವ್ರವೋ ಅಂತ ಬರೀತಾರೆ, ಕೇಸಿಗೂ ಪರಿಹಾರಕ್ಕೂ ಅದೇ ಮುಖ್ಯ. ಲ್ಯಾಸರೇಶನ್ ಅಂದ ಮಾತ್ರಕ್ಕೆ ತೀವ್ರ ಗಾಯ ಆಗಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ತೀವ್ರ ಗಾಯ ಯಾವುದು ಅಂತ ಪಟ್ಟಿ ಇದೆ; ಅದರಲ್ಲಿ ಮೂಳೆ ಮುರಿತ, ತಲೆ ಅಥವಾ ಮುಖ ಶಾಶ್ವತವಾಗಿ ವಿಕಾರ ಆಗೋದು, 15 ದಿನ ದಿನನಿತ್ಯದ ಕೆಲಸ ಮಾಡೋಕಾಗದ ಹಾಗೆ ಆಗೋದು, ಇವೆಲ್ಲ ಇವೆ. ಎಕ್ಸ್‌ರೇ, ಸ್ಕ್ಯಾನ್ ಆಗಿದ್ರೆ ರಿಪೋರ್ಟ್ ಇಟ್ಟುಕೊಳ್ಳಿ. ಕಲೆ ಉಳಿದ್ರೆ ಫೋಟೋ ತೆಗೆದಿಡಿ.

ಶಿರಸಿ_ಹುಡುಗ:
ಟಿಟಿ ಆಗಿದೆ. ಎಲ್ಲರಿಗೂ ಥ್ಯಾಂಕ್ಸ್, ಅಮ್ಮನಿಗೆ ಓದಿ ಹೇಳಿದೆ. ಕಣ್ಣಿನ ಸುತ್ತ ಊದಿ ನೀಲಿಯಾಗಿದೆ, ಅದು ಸರಿನಾ?

ಡ್ರೆಸ್ಸಿಂಗ್_ರೂಮ್:
ಹುಬ್ಬಿನ ಪೆಟ್ಟಿಗೆ ರಕ್ತ ಕೆಳಗಿಳಿದು ಹಾಗಾಗೋದು ಸಾಮಾನ್ಯ. ಆದ್ರೂ ಹೊಲಿಗೆ ಬಿಚ್ಚೋಕೆ ಹೋದಾಗ ಡಾಕ್ಟರಿಗೆ ತೋರಿಸಿ, ಮುಖದ್ದಾದ್ರೆ ಸುಮಾರು 5 ದಿನಕ್ಕೆ ಬಿಚ್ತಾರೆ. ಕೀವು, ಜ್ವರ ಬಂದ್ರೆ ಅಷ್ಟು ದಿನ ಕಾಯಬೇಡಿ. ತಲೆಗೆ ಪೆಟ್ಟಾಗಿರೋದ್ರಿಂದ ಪದೇ ಪದೇ ವಾಂತಿ, ಜಾಸ್ತಿ ಮಂಪರು, ತಡೆಯಲಾಗದ ತಲೆನೋವು, ಕಣ್ಣು ಮಂಜು ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದ್ರೂ ಸರಿ, ತಕ್ಷಣ ಹೊರಡಿ.