ವಾಷಿಂಗ್ ಮೆಷಿನ್ ಸೋರ್ತಿದೆಯಾ? ರಿಪೇರಿ ಅಣ್ಣನನ್ನು ಕೇಳಿ

ಮಡಿಕೇರಿ: ಅಣ್ಣಾ, ಫ್ರಂಟ್ ಲೋಡ್ ಮೆಷಿನ್. ಬಾಗಿಲ ಕೆಳಗೆ ನೀರು ತೊಟ್ಟಿಕ್ಕುತ್ತಿದೆ.

ರಿಪೇರಿ ಅಣ್ಣ: ಬಾಗಿಲ ರಬ್ಬರಿನ ಮಡಿಕೆ ಬಿಡಿಸಿ ಒರೆಸಿ. ಕೂದಲು, ಪಿನ್ನು, ಮಣ್ಣು ಸಿಗುತ್ತದೆ. ಹರಿದಿದ್ದರೆ ಹೊಸದು ಹಾಕಿಸಿ.

ಸೋಮವಾರಪೇಟೆ: ನಮ್ಮದು ಆಫ್ ಇದ್ದರೂ ಬೆಳಿಗ್ಗೆ ಡ್ರಮ್ಮಿನಲ್ಲಿ ನೀರು, ನೆಲವೂ ಒದ್ದೆ. ಮಳೆ ಶುರುವಾದ ಮೇಲೆ ಹೀಗೆ.

ರಿಪೇರಿ ಅಣ್ಣ: ಅಕ್ಕಾ, ಟ್ಯಾಂಕ್ ದಿಣ್ಣೆ ಮೇಲಿದೆಯಾ? ತೋಡಿನ ನೀರಾ?

ಸೋಮವಾರಪೇಟೆ: ಹೌದು. ಈಗ ಕೆಂಪಾಗಿ ಬರ್ತಿದೆ.

ರಿಪೇರಿ ಅಣ್ಣ: ಹಾಗಾದರೆ ನನ್ನ ಅನುಮಾನ ನೀರು ಒಳಗೆ ಬಿಡುವ ವಾಲ್ವ್ ಮೇಲೆ. ಅದು ಕರೆಂಟ್ ಕೊಟ್ಟಾಗ ಮಾತ್ರ ತೆರೆಯಬೇಕು. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಪೂರ್ತಿ ಮುಚ್ಚುವುದಿಲ್ಲ. ಟ್ಯಾಂಕ್ 10 ಮೀಟರ್ ಮೇಲಿದ್ದರೆ ಪೈಪಿನಲ್ಲಿ ಸುಮಾರು 1 ಬಾರ್ ಒತ್ತಡ ಯಾವಾಗಲೂ ಇರುತ್ತದೆ. ರಾತ್ರಿಯಿಡೀ ಹನಿ ಹನಿ ಇಳಿಯುತ್ತದೆ. ಹಗಲಲ್ಲಿ ಪ್ಲಗ್ ಕಿತ್ತು, ನಲ್ಲಿ ಮಾತ್ರ ತೆರೆದು ಎರಡು ಗಂಟೆ ಬಿಡಿ. ಡ್ರಮ್ಮಿಗೆ ನೀರು ಬಂದರೆ ವಾಲ್ವೇ. ನಲ್ಲಿ ಮುಚ್ಚಿ ಹಿಂದಿನ ಪೈಪ್ ಬಿಚ್ಚಿ. ಮೆಷಿನ್ನಿನ ಬಾಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಲರಿ ಇದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು ಹಳೆ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ವಾಪಸ್ ಹಾಕಿ. ಆಮೇಲೂ ನಿಲ್ಲದಿದ್ದರೆ ವಾಲ್ವ್ ಬದಲಾಯಿಸಬೇಕು. ಹೊಸದು ಉಳಿಯಬೇಕಾದರೆ ನಲ್ಲಿಗೆ ಫಿಲ್ಟರ್ ಹಾಕಿಸಿ. ಅಲ್ಲಿಯವರೆಗೆ ಒಗೆದ ತಕ್ಷಣ ನಲ್ಲಿ ಮುಚ್ಚಿಬಿಡಿ ಅಕ್ಕಾ.

ನಾಪೋಕ್ಲು: ನಮ್ಮದೂ ಬಾಗಿಲಲ್ಲೇ ಸೋರುತ್ತದೆ.

ರಿಪೇರಿ ಅಣ್ಣ: ಮೇಲೆ ಹೇಳಿದ್ದೇನೆ.

ಗೋಣಿಕೊಪ್ಪ: ರಬ್ಬರಿಗೆ ಎಂ-ಸೀಲ್ ಮೆತ್ತಿದರೆ ನಿಲ್ಲುತ್ತದಂತೆ, ವಿಡಿಯೋ ಬಂದಿದೆ.

ರಿಪೇರಿ ಅಣ್ಣ: ಬೇಡ. ರಬ್ಬರ್ ಬಾಗಬೇಕು, ಎಂ-ಸೀಲ್ ಕಲ್ಲಾಗುತ್ತದೆ.

ಕುಶಾಲನಗರ: ವಿನಿಗರ್, ಬ್ಲೀಚ್ ಒಟ್ಟಿಗೆ ಹಾಕಿ ಓಡಿಸಿ ಅಂತ ಫಾರ್ವರ್ಡ್ ಬಂತು.

ರಿಪೇರಿ ಅಣ್ಣ: ಖಂಡಿತ ಮಾಡಬೇಡಿ! ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್. ಮಳೆಗೆ ಕಿಟಕಿ ಮುಚ್ಚಿರುವ ಮನೆಯಲ್ಲಿ ಮಕ್ಕಳ ಗತಿ ಏನು? ಇಂಥದ್ದನ್ನು ಹಂಚುವ ಮೊದಲು ಒಂದು ಮಾತು ಕೇಳಿ.

ಪೊನ್ನಂಪೇಟೆ: ಟಾಪ್ ಲೋಡ್ ತಗೊಳ್ಳಿ, ಬಾಗಿಲ ಗೋಳೇ ಇಲ್ಲ.

ಕುಶಾಲನಗರ: ನೀರು ಎಷ್ಟು ಬೇಕು ಗೊತ್ತಾ ಅದಕ್ಕೆ?

ಪೊನ್ನಂಪೇಟೆ: ಕೊಡಗಿನಲ್ಲಿ ನೀರಿಗೆ ಬರವಾ?

ವಿರಾಜಪೇಟೆ: ಸೋರುವ ಮೆಷಿನ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ, ಪರವಾಗಿಲ್ವಾ?

ಕುಶಾಲನಗರ: ಏಪ್ರಿಲ್‌ನಲ್ಲಿ ತೋಡು ಬತ್ತಿದಾಗ ಬಂದು ಈ ಮಾತು ಹೇಳಿ.

ಶನಿವಾರಸಂತೆ: ಬೇರಿಂಗ್ ಬದಲಾಯಿಸಲು ಎಷ್ಟಾಗುತ್ತೆ?

ಪೊನ್ನಂಪೇಟೆ: ನಿಮಗೆ ಸುಮ್ನೆ ವಾದ ಬೇಕು.

ರಿಪೇರಿ ಅಣ್ಣ: ಇಬ್ಬರೂ ನಿಲ್ಲಿಸಿ! ವಿರಾಜಪೇಟೆಯವರೇ, ಈಗಲೇ ಮೇನ್ ಸ್ವಿಚ್ ಆಫ್ ಮಾಡಿ. ಒದ್ದೆ ನೆಲದಲ್ಲಿ ನಿಂತು ಪ್ಲಗ್ ಮುಟ್ಟಬೇಡಿ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವ ತನಕ ಮೆಷಿನ್ ಹತ್ತಿರ ಯಾರೂ ಹೋಗಬಾರದು. ಆಫ್ ಮಾಡಿದ್ರಾ?

ರಿಪೇರಿ ಅಣ್ಣ: ಉತ್ತರ ಕೊಡಿ.

ವಿರಾಜಪೇಟೆ: ಮಾಡಿದೆ ಅಣ್ಣಾ. ಅಮ್ಮ ಅಲ್ಲೇ ಬಟ್ಟೆ ತೆಗೀತಿದ್ದರು, ಹೊರಗೆ ಕಳಿಸಿದೆ.