ಪದ ಬೇಕು: ಡಿಸ್‌ಲೆಕ್ಸಿಯಾಕ್ಕೆ ಕನ್ನಡದಲ್ಲಿ ಏನನ್ನೋಣ?

ಕೇಳಿದವರು
ನಮಸ್ಕಾರ. ಸರ್ಕಾರಿ ಶಾಲೆಯೊಂದರ ಪೋಷಕರಿಗೆ ಡಿಸ್‌ಲೆಕ್ಸಿಯಾ, ಅಂದರೆ ಚುರುಕಾದ ಮಗುವಿಗೂ ಓದು ಕಷ್ಟವಾಗುವುದರ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು, ಇನ್ನೂ ತಲೆಬರಹವೇ ಸಿಕ್ಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಕಾಗದಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಅಂತ ಕಾಣುತ್ತದೆ. ಅದರಲ್ಲಿ ಬರಹ, ಲೆಕ್ಕ ಎಲ್ಲವೂ ಸೇರಿದೆ. ನನಗೆ ಬೇಕಿರುವುದು ಓದಿನದು ಮಾತ್ರ. ‘ನ್ಯೂನತೆ’ ಅಂದರೆ ತಾಯಂದಿರು ಮಗುವನ್ನು ಸಭೆಗೇ ಕರೆತರುವುದಿಲ್ಲ.

ಮರು 1
‘ದುಷ್ಪಠನ’. ಗ್ರೀಕಿನ ‘ಡಿಸ್’, ನಮ್ಮ ‘ದುಸ್’ ಒಂದೇ ಬೇರಿನವು. 1880ರ ದಶಕದಲ್ಲಿ ಈ ಹೆಸರಿಟ್ಟ ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಪದಕ್ಕಾಗಿ ಗ್ರೀಕ್ ಭಾಷೆಗೆ ಹೋದ. ನಾವು ಸಂಸ್ಕೃತಕ್ಕೆ ಹೋದರೆ ತಪ್ಪೇನು?

ಮರು 2
ಬೇಡ. ‘ದುಷ್ಟ’ ಅಂತ ಓದಿಕೊಳ್ಳುತ್ತಾರೆ. ‘ಓದುತೊಡಕು’ ಅನ್ನಿ. ತೊಡಕು ಅಂದರೆ ಬಿಡಿಸಬಹುದಾದದ್ದು.

ಮರು 3
ತೊಡಕಿನ ಮೂಲ ನೋಡಿ. ಯುಗಾದಿ ಮಾರನೆಯ ದಿನದ ‘ಹೊಸತೊಡಕು’ ಬಂದದ್ದು ‘ತೊಡಗು’ವಿನಿಂದ. ಹಾಗಾದರೆ ‘ಓದುತೊಡಕು’ ಅಂದರೆ ಓದು ಶುರು ಅಂತಾಗುತ್ತದೆ! ‘ಓದೆಡರು’ ಸರಿ, ಎಡರು ಅಂದರೆ ಅಡ್ಡಿ.

ಮರು 2
‘ಕೆಲಸಕ್ಕೆ ತೊಡಕು ಬಂತು’ ಅಂದರೆ ಕೆಲಸ ಶುರುವಾಯ್ತು ಅಂತ ಯಾರೂ ತಿಳಿಯುವುದಿಲ್ಲ. ಎಡರು ಈಗ ಯಾರ ಬಾಯಲ್ಲಿದೆ?

ಮರು 4
ನಾನು ಇಂಥ ಮಕ್ಕಳ ಜೊತೆ ಕೆಲಸ ಮಾಡುವವಳು. ತಲೆಬರಹಕ್ಕಿಂತ ಒಳಗೆ ಏನಿದೆ ಅನ್ನೋದು ಮುಖ್ಯ. ಇಂಗ್ಲಿಷ್ ಕರಪತ್ರ ನೋಡಿ ‘ಬಿ, ಡಿ ತಿರುಗಿಸಿ ಬರೆಯುತ್ತದೆ’ ಅಂತ ಹಾಕಬೇಡಿ. ನಮ್ಮ ಮಕ್ಕಳು ಎಡವುವುದು ದೀರ್ಘದಲ್ಲಿ, ಒತ್ತಕ್ಷರದಲ್ಲಿ. ‘ಪ್ರೀತಿ’ ಬರೆಯುವಾಗ ಮೊದಲು ‘ಪೀ’ ಬರೆದು ಆಮೇಲೆ ಕೆಳಗೆ ‘ರ’ ಒತ್ತು ಕೊಡುತ್ತೇವೆ, ಆದರೆ ಕಿವಿಗೆ ‘ಈ’ಗಿಂತ ‘ರ’ ಮೊದಲು. ‘ಸೂರ್ಯ’ವನ್ನು ಅರ್ಕಾವೊತ್ತಿನಲ್ಲಿ ಬರೆದರೆ ಮೊದಲು ಕೇಳುವ ‘ರ’ ಕೊನೆಗೆ ಬಂದು ಕೂರುತ್ತದೆ. ಈ ಹಿಂದುಮುಂದು ಕೆಲವು ಮಕ್ಕಳಿಗೆ ವರ್ಷಗಟ್ಟಲೆ ಬಗೆಹರಿಯುವುದಿಲ್ಲ. ನಾವು ಕಥೆ ಓದಿ ಹೇಳಿದರೆ ಅದೇ ಮಗು ಪೂರ್ತಿ ಹಿಡಿಯುತ್ತದೆ, ಮಾತಿನಲ್ಲಿ ಚುರುಕು.

ಹಾಗಂತ ಒಂದನೇ ಕ್ಲಾಸಿನಲ್ಲೇ ಹಣೆಪಟ್ಟಿ ಹಚ್ಚಬೇಡಿ. ಬೆಂಗಳೂರಿನಲ್ಲಿ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಓದಿನ ಬಗ್ಗೆ ಮಾಡಿದ ಕೆಲಸ ನೋಡಿ. ಕಾಗುಣಿತ, ಒತ್ತಕ್ಷರ ಪೂರ್ತಿ ಕೈಗೆ ಬರಲು ಎಲ್ಲ ಮಕ್ಕಳಿಗೂ ಕೆಲವು ವರ್ಷ ಬೇಕು. ಹಾಗಂತ ಸುಮ್ನೆ ಕಾಯಲೂಬೇಡಿ, ಸಹಾಯ ಈಗಲೇ ಶುರುವಾಗಲಿ. ಮೂರನೇ ಕ್ಲಾಸಿನಲ್ಲೂ ಗುಣಿತಾಕ್ಷರ ತಡವರಿಸಿದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ನಿಮ್ಹಾನ್ಸ್‌ಗೋ ಕರೆದುಕೊಂಡು ಹೋಗಲಿ. ಶಿಕ್ಷಕರಿಗೂ ಒಂದು ಸಾಲು ಹಾಕಿ: ಎಲ್ಲರ ಮುಂದೆ ಓದಿಸಬೇಡಿ, ತಪ್ಪಿಗೆ ಹತ್ತು ಸಲ ಬರೆಸಬೇಡಿ, ಪ್ರಶ್ನೆ ಓದಿ ಹೇಳಿ, ಸಮಯ ಜಾಸ್ತಿ ಕೊಡಿ.

ಮರು 3
ಕನ್ನಡ ಲಿಪಿಯಿಂದ ಖ, ಘ ಥರದ ಮಹಾಪ್ರಾಣ ತೆಗೆದರೆ ಅರ್ಧ ತೊಂದರೆ ಮುಗಿಯುತ್ತದೆ. ಇಷ್ಟು ವರ್ಷದಿಂದ ಹೇಳುತ್ತಲೇ ಇದ್ದೇವೆ.

ಮರು 4
ಮುಗಿಯುವುದಿಲ್ಲ. ಇಟಾಲಿಯನ್‌ನಲ್ಲಿ ಬರೆದ ಹಾಗೇ ಓದುತ್ತಾರೆ. ಅಲ್ಲೂ ಇಂಥ ಮಕ್ಕಳಿದ್ದಾರೆ. ಲಿಪಿಯ ಜಗಳಕ್ಕೆ ಈ ಮಕ್ಕಳನ್ನು ಎಳೆಯಬೇಡಿ.

ಮರು 5
ಹೊಸ ಪದವೇ ಯಾಕೆ? ಹಳ್ಳಿಯಲ್ಲೂ ‘ಶುಗರ್’, ‘ಬಿಪಿ’ ಅಂತಾರೆ. ಮಧುಮೇಹ ಅನ್ನೋರು ಎಷ್ಟು ಜನ? ಆಸ್ಪತ್ರೆ ಕೌಂಟರಿನಲ್ಲಿ ‘ಓದೆಡರು’ ಅಂದರೆ ಯಾರಿಗೂ ತಿಳಿಯಲ್ಲ. ಡಿಸ್‌ಲೆಕ್ಸಿಯಾ ಅಂತಲೇ ಇರಲಿ.

ಮರು 1
ಹೀಗೆ ಬಿಟ್ಟು ಬಿಟ್ಟೇ ಇವತ್ತು ಅಡುಗೆಮನೆಯೂ ‘ಕಿಚನ್’ ಆಗಿದೆ.

ಮರು 5
‘ದುಷ್ಪಠನ’ದಿಂದ ಅಡುಗೆಮನೆ ವಾಪಸ್ ಬರಲ್ಲ.

ಕೇಳಿದವರು
ತಲೆಬರಹ ‘ಓದಿನ ತೊಡಕು’. ಮೊದಲ ಸಾಲಲ್ಲೇ ‘ವೈದ್ಯರು ಇದನ್ನು ಡಿಸ್‌ಲೆಕ್ಸಿಯಾ ಅಂತಾರೆ’ ಅಂತ ಹಾಕುತ್ತೇನೆ. ‘ಪ್ರೀತಿ’, ‘ಸೂರ್ಯ’ ಎರಡೂ ಉದಾಹರಣೆ ಬಳಸಿಕೊಳ್ಳಲೇ?

ಮರು 4
ಖಂಡಿತ ಬಳಸಿ. ಅಕ್ಷರ ಮಾತ್ರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗ ಬಿಡಿ. ಓದಲು ಕಷ್ಟಪಡುವ ಪೋಷಕರೂ ಇರುತ್ತಾರೆ.

ಮರು 2
ಒಂದೇ ಪದ ಮಾಡಿ. ‘ಓದುತೊಡಕು’.