ಬಿಗರ್ ದ್ಯಾನ್ ಲೈಫ್: ಗುಳಿಗೆ ಯಾಕೆ ನಿಲ್ಲಿಸಲಿಲ್ಲ?

ಪ್ರಶ್ನೆ: ನಿಕೊಲಸ್ ರೇ ಅವರ 1956ರ ಈ ಚಿತ್ರದಲ್ಲಿ ಸ್ಟೀರಾಯ್ಡ್ ಔಷಧಿ ಕಾರ್ಟಿಸೋನ್‌ನಿಂದ ಎಡ್ ಮೇಷ್ಟ್ರ ತಲೆ ಕೆಟ್ಟಿದ್ದು ಕಣ್ಣಿಗೆ ಕಾಣ್ತಿದೆ. ಗುಳಿಗೆ ಒಂದೇ ಸಲ ನಿಲ್ಲಿಸಬಹುದಿತ್ತಲ್ವಾ?

ಉತ್ತರ: ಜೀವಕ್ಕೇ ಸಂಚಕಾರ. ಅವರಿಗಿರೋದು ರಕ್ತನಾಳಗಳ ಉರಿಯೂತ, ಅದನ್ನ ತಡೆದಿರೋದೇ ಈ ಗುಳಿಗೆ. ಮೇಲಾಗಿ ವಾರಗಟ್ಟಲೆ ಸ್ಟೀರಾಯ್ಡ್ ನುಂಗಿದರೆ ದೇಹದೊಳಗೇ ಅಂಥ ಸ್ಟೀರಾಯ್ಡ್ ತಯಾರಿಸೋ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಡುತ್ತೆ. ದಿಢೀರ್ ನಿಲ್ಲಿಸಿದರೆ ಬಿಪಿ ಕುಸಿಯುತ್ತೆ. ಡೋಸ್ ಹಂತಹಂತವಾಗಿ ಇಳಿಸಬೇಕು. ಎಡವಟ್ಟಾಗಿದ್ದು ಡಾಕ್ಟರ್ ಹೇಳಿದ್ದಕ್ಕಿಂತ ಹೆಚ್ಚು ನುಂಗಿದ್ದರಿಂದ.

ಇನ್ನೊಂದು ಉತ್ತರ: ಬಾತ್‌ರೂಮಿನ ಔಷಧಿ ಕಪಾಟು ಗಮನಿಸಿ, ತಲೆ ಕೆಟ್ಟಿದ್ದನ್ನ ರೇ ಅಲ್ಲೇ ತೋರಿಸ್ತಾರೆ. ಹೆಂಡತಿ ಲೂ ಬಾಗಿಲು ರಪ್ಪನೆ ಮುಚ್ಚಿದಾಗ ಕನ್ನಡಿ ಒಡೆದು ಎಡ್ ಮುಖ ಚೂರುಚೂರಾಗಿ ಕಾಣುತ್ತೆ. ಮಗನಿಗೆ ಲೆಕ್ಕ ಹೇಳಿಕೊಡುವಾಗ ಗೋಡೆ ತುಂಬ ಅವರದೇ ನೆರಳು, ಎದೆ ಝಲ್ಲೆನ್ನುತ್ತೆ! ಇದು ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ, ಪಕ್ಕ ಕತ್ತರಿಸಿದ ಪ್ರತಿ ನೋಡಬೇಡಿ.